ಕೃಪೆಯೆಂದುಕೊಂಡ ನಡುಕ

ಮೊದಲ ಸಲ ಅದು ಬಂದಾಗ ನನಗೆ ಖುಷಿಯಾಗಿತ್ತು.

ಈಗ ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಧಾರವಾಡದ ಒಂದು ಹೈಸ್ಕೂಲಿನಲ್ಲಿ ಗಣಿತ ಕಲಿಸುವವಳು ನಾನು. ಸಾಧಿಸಿ ತೋರಿಸದ ಮಾತನ್ನು ಮಕ್ಕಳಿಂದ ಎಂದೂ ಒಪ್ಪಿಕೊಂಡವಳಲ್ಲ. ಅಂಥವಳು ಒಂದು ಬೆಳಗ್ಗೆ ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು, ಕೊರಳಲ್ಲಿನ ಲಿಂಗವನ್ನು ಬಿಚ್ಚಿ ಎಡ ಅಂಗೈಯಲ್ಲಿ ಇಟ್ಟುಕೊಂಡು ಕೂತಿದ್ದೆ. ನಮ್ಮ ಮನೆಗಳಲ್ಲಿ ಇದು ದಿನದ ರೂಢಿ. ಲಿಂಗವನ್ನು ಎದೆಯ ಮಟ್ಟಕ್ಕೆ ಹಿಡಿದು ಎವೆಯಿಕ್ಕದೆ ನೋಡಬೇಕು. ನಾನು ನೋಡುತ್ತಿದ್ದದ್ದು ಹತ್ತೇ ನಿಮಿಷ, ಅದೂ ಸಿಟಿ ಬಸ್ಸಿನ ಹೊತ್ತನ್ನು ಮನಸ್ಸಿನಲ್ಲಿ ಇಟ್ಟುಕೊಂಡು. ಆ ದಿನ ಎದೆಯೊಳಗೆ ಏನೋ ಒಮ್ಮೆ ತಪ್ಪಿತು. ಆಮೇಲೆ ಪಟಪಟ ಬಡಿದುಕೊಂಡಿತು. ಅಂಗೈ ನಡುಗಿತು, ಅದರ ಮೇಲಿನ ಲಿಂಗವೂ ನಡುಗಿತು. ಕಣ್ಣೆದುರು ಒಂದು ಕ್ಷಣ ಎಲ್ಲ ಬೆಳ್ಳಗಾಯಿತು.

ಆಯಿಗೆ ಬಂದದ್ದು ನನಗೂ ಬಂತು ಅಂದುಕೊಂಡೆ.

ಆಯಿ ಎಂದರೆ ನನ್ನ ಅವ್ವನ ತಾಯಿ. ಶಿರಗುಪ್ಪಿಯವಳು. ನಾನು ಹುಟ್ಟುವ ಮೊದಲೇ, ಐವತ್ತೊಂದನೇ ವಯಸ್ಸಿನಲ್ಲಿ, ಪೂಜೆಗೆ ಕೂತಲ್ಲೇ ಹೋದಳು. ನಮ್ಮ ಮನೆಯಲ್ಲಿ ಅದನ್ನು ಯಾರೂ ಸಾವು ಎನ್ನುವುದಿಲ್ಲ. ಲಿಂಗ ಅಂಗೈಯಲ್ಲಿ ಇದ್ದಂತೆಯೇ ಲಿಂಗದಲ್ಲಿ ಸೇರಿಹೋದಳು ಎನ್ನುತ್ತಾರೆ. ವರ್ಷಕ್ಕೊಮ್ಮೆ ಆಯಿಯ ದಿನ ಬಂದಾಗ ಅವ್ವ ಮಂದಿಯನ್ನು ಕರೆದು ಊಟಕ್ಕೆ ಹಾಕಿ ಆ ಕಥೆ ಹೇಳುತ್ತಾಳೆ. ಪೂಜೆಯ ಹೊತ್ತಿನಲ್ಲಿ ಆಯಿಯ ಎದೆ ನಡುಗುತ್ತಿತ್ತಂತೆ, ಕಣ್ಣು ತುಂಬಿ ಬರುತ್ತಿತ್ತಂತೆ. ಇದನ್ನು ಕೇಳಿಯೇ ಬೆಳೆದವಳಾದ್ದರಿಂದ ನನ್ನ ಎದೆ ನಡುಗಿದಾಗ ಡಾಕ್ಟರ ನೆನಪಾಗಲಿಲ್ಲ. ಆಯಿಯ ನೆನಪಾಯಿತು.

ಇಂಥದ್ದನ್ನು ಬಾಯಿಬಿಟ್ಟು ಹೇಳಿಕೊಳ್ಳಬಾರದು ಎಂಬುದೂ ನಮ್ಮಲ್ಲಿ ಇದೆ. ಹೇಳಿದರೆ ಹೋಗಿಬಿಡುತ್ತದಂತೆ. ಹಾಗಾಗಿ ಎರಡು ವರ್ಷ ಬಾಯಿ ಮುಚ್ಚಿಕೊಂಡಿದ್ದೆ. ವಾರಕ್ಕೊಮ್ಮೆ ಬರುತ್ತಿದ್ದದ್ದು ಎರಡು ದಿನಕ್ಕೊಮ್ಮೆ ಬರತೊಡಗಿತು. ನಾನು ಒಳಗೊಳಗೇ ಬೀಗಿದೆ. ಸ್ಟಾಫ್ ರೂಮಿನಲ್ಲಿ ಉಳಿದವರು ಸೀರೆ, ಸಕ್ಕರೆ ಕಾಯಿಲೆ ಅಂತ ಮಾತಾಡುವಾಗ ನಾನೊಬ್ಬಳು ಬೇರೆ ಅನ್ನುವ ಸೊಕ್ಕು ಬಂದಿತ್ತು.

ಉಳಿದ ಲಕ್ಷಣಗಳಿಗೆ ಬೇರೆ ಬೇರೆ ನೆಪ ಹುಡುಕಿಕೊಂಡೆ. ಎಡಮಗ್ಗುಲಾಗಿ ಮಲಗಿದರೆ ಎದೆ ಹೊಡೆದುಕೊಳ್ಳುತ್ತಿತ್ತು, ಬಲಮಗ್ಗುಲಿಗೆ ಹೊರಳಿದೆ. ಎದೆಯಲ್ಲಿ ಸೂಜಿ ಚುಚ್ಚಿದಂತಾದರೆ ಗ್ಯಾಸ್. ಮೂರನೇ ಪಿರಿಯಡ್ಡಿಗೇ ಸುಸ್ತಾದರೆ ವಯಸ್ಸು. ಶಾಲೆಯ ಮೇಲಿನ ಮಹಡಿಗೆ ಹತ್ತುವಾಗ ನಡುವೆ ನಿಂತು ನೋಟೀಸ್ ಬೋರ್ಡ್ ಓದುವ ಹೊಸ ಚಟ ಹಚ್ಚಿಕೊಂಡೆ. ಅದೇ ನೋಟೀಸನ್ನು ತಿಂಗಳುಗಟ್ಟಲೆ ಓದಿದ್ದೇನೆ. ನಮ್ಮ ಯಜಮಾನರು ಸಮಾಧಾನದ ಮನುಷ್ಯರು, ಮನೆಗೆ ಬೆಂಕಿ ಬಿದ್ದರೂ ಚಪ್ಪಲಿ ಹುಡುಕಿ ಹಾಕಿಕೊಂಡೇ ಹೊರಗೆ ಬರುವವರು. ಅವರೇ ಒಂದು ದಿನ, "ಗಿರಿಜಾ, ಪಾವಟಿಗಿ ಹತ್ತೂಮುಂದ ಇಷ್ಟ ದಮ್ಮು ಯಾಕ? ಒಮ್ಮೆ ತೋರಿಸೋಣು ನಡಿ" ಎಂದರು. ಪರೀಕ್ಷೆ ಮುಗಿಯಲಿ ಎಂದೆ. ಶಾಲೆಯಲ್ಲಿ ಪರೀಕ್ಷೆಗಳು ಯಾವತ್ತೂ ಮುಗಿಯುವುದಿಲ್ಲ.

ಒಂಬತ್ತನೇ ತರಗತಿಗೆ ತ್ರಿಭುಜ ಬರೆಯುತ್ತಿದ್ದೆ. ಕೈ ಮೇಲೆತ್ತಿದೆ. ಕೈಯಿಂದ ಚಾಕ್‌ಪೀಸ್ ಬಿತ್ತು. ಆಮೇಲೆ ನಾನೂ ಬಿದ್ದೆ.

ಡಾಕ್ಟರು ನನಗಿಂತ ಐದಾರು ವರ್ಷ ದೊಡ್ಡವರಿರಬೇಕು. ಸ್ಟೆತಾಸ್ಕೋಪನ್ನು ಎದೆಯ ಎಡಗಡೆ ಇಟ್ಟು ಬಹಳ ಹೊತ್ತು ಕೇಳಿದರು. "ಕುಕ್ಕರಗಾಲಿಲೆ ಕೂಡ್ರಿ" ಎಂದರು. ಕೂತೆ. "ಈಗ ಏಳ್ರಿ" ಎಂದರು. ಎದ್ದೆ. ಶಾಲೆಯಲ್ಲಿ ಮಕ್ಕಳಿಗೆ ನಾನು ಕೊಡುವ ಶಿಕ್ಷೆ ಇದು. ಅವರು ಪ್ರತಿ ಸಲವೂ ಸ್ಟೆತಾಸ್ಕೋಪ್ ಇಟ್ಟು ತಲೆ ಬಾಗಿಸಿ ಕೇಳುತ್ತಿದ್ದರು.

"ಎಷ್ಟ ದಿವಸದಿಂದ ಹಿಂಗ ಆಗಲಿಕತ್ತದರಿ ಮೇಡಂ?"

"ಎರಡ ವರ್ಷ ಆತ್ರಿ."

"ಎರಡ ವರ್ಷ ಯಾರಿಗೂ ಹೇಳಲಿಲ್ಲೇನು?"

ಏನೆಂದು ಹೇಳಲಿ? ದೇವರು ಬರುತ್ತಿದ್ದಾನೆ ಅಂದುಕೊಂಡಿದ್ದೆ ಎನ್ನಲೆ? ಸೆರಗು ಸರಿಮಾಡಿಕೊಂಡೆ.

ಇಸಿಜಿ ಕೋಣೆಯಲ್ಲಿದ್ದ ಹುಡುಗಿ, "ಅಕ್ಕಾರ, ಕೊರಳಾಗಿಂದು ತಗೀರಿ. ಬೇಕಂದ್ರ ಕೈಯಾಗ ಹಿಡಕೋರಿ" ಎಂದಳು. ನನ್ನಂಥವರು ಅವಳಿಗೆ ದಿನಾ ಬರುತ್ತಾರೆಂದು ತೋರುತ್ತದೆ. ಲಿಂಗವನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದು ಮಲಗಿದೆ. "ಅಷ್ಟ ಬಿಗಿ ಹಿಡೀಬ್ಯಾಡ್ರಿ, ಗ್ರಾಫ್ ಕೆಡತೈತಿ" ಎಂದಳು. ಎಕೋ ಮಾಡುವಾಗ ತಣ್ಣನೆಯ ಜೆಲ್ ಹಚ್ಚಿ, ಎಡಮಗ್ಗುಲಿಗೇ ಮಲಗಿಸಿದರು. ಎರಡು ವರ್ಷ ನಾನು ತಪ್ಪಿಸಿಕೊಂಡಿದ್ದ ಮಗ್ಗುಲು. ಪರದೆಯ ಮೇಲೆ ಕೆಂಪು, ನೀಲಿ ಬಣ್ಣಗಳು ಚಿಮ್ಮುತ್ತಿದ್ದವು. ಡಾಕ್ಟರು ಪರದೆಯ ಮೇಲೆ ಬೆರಳಿಟ್ಟು ತೋರಿಸಿದರು.

"ಇದು ಮೈಟ್ರಲ್ ವಾಲ್ವ್. ಎರಡು ಕದದ ಬಾಗಲಾ ಅಂತ ತಿಳ್ಕೋರಿ. ರಕ್ತ ಮುಂದ ಹೋದ ಮ್ಯಾಲೆ ಗಟ್ಟಿ ಮುಚ್ಚಬೇಕು. ನಿಮ್ಮದರಾಗ ಒಂದ ಕದಾ ಸಡ್ಲಾಗಿ ಹಿಂದಕ ಜೋತುಬಿದ್ದದ. ಪ್ರೊಲ್ಯಾಪ್ಸ್ ಅಂತಾರ. ಭಾಳ ಮಂದಿಗೆ ಇರ್ತದ, ಏನೂ ಆಗೂದಿಲ್ಲ, ವರ್ಷಕ್ಕೊಮ್ಮೆ ನೋಡಿದ್ರ ಸಾಕು. ಆದ್ರ ನಿಮಗ ಆ ಕದಾ ಹಿಡಕೊಂಡಿರೋ ದಾರ ಒಂದು ಹರದದ. ರಕ್ತ ಹಿಂದಕ ಸೋರಲಿಕತ್ತದ. ಸಿವಿಯರ್ ಅದ."

ಮೊದಲೇ ಯಾಕೆ ಬರಲಿಲ್ಲ ಎಂದು ಅವರು ಮತ್ತೆ ಕೇಳಲಿಲ್ಲ. ಆ ಪ್ರಶ್ನೆಯನ್ನು ನಾನೇ ಕೇಳಿಕೊಂಡೆ, ಈಗಲೂ ಕೇಳಿಕೊಳ್ಳುತ್ತೇನೆ. ಕೃಪೆಯೆಂದು ಎರಡು ವರ್ಷ ಬಚ್ಚಿಟ್ಟುಕೊಂಡದ್ದು ಒಂದು ಸೋರುವ ವಾಲ್ವ್. ಅದಕ್ಕಿಂತ ದೊಡ್ಡ ಅವಮಾನ ನನಗೆ ಇನ್ನೊಂದಾಗಿಲ್ಲ. ರೋಗ ಬಂತೆಂದು ಆ ದಿನ ನಾನು ಅಳಲಿಲ್ಲ. ನನ್ನದು ಅಂದುಕೊಂಡಿದ್ದ ಒಂದೇ ಒಂದು ದೊಡ್ಡ ಸಂಗತಿ ಹೋಯಿತೆಂದು ಅತ್ತೆ.

ಡಾಕ್ಟರು ಫೈಲಿನಲ್ಲಿ ಬರೆಯುತ್ತ ಕೇಳಿದರು: "ನಿಮ್ಮ ರಕ್ತಸಂಬಂಧದಾಗ ಯಾರಿಗರೆ ಎದೀ ತ್ರಾಸ ಇತ್ತೇನ್ರಿ? ಸಣ್ಣ ವಯಸ್ಸಿನ್ಯಾಗ ಒಮ್ಮಿಂದೊಮ್ಮೆ ಹೋದವರು ಯಾರರೆ?"

ಇಲ್ಲ ಎಂದೆ.

ಸುಳ್ಳು ಹೇಳಬೇಕೆಂದು ಹೇಳಿದ್ದಲ್ಲ. ಅವರು ಕೇಳಿದ್ದು ಸತ್ತವರ ಬಗ್ಗೆ. ನಮ್ಮ ಮನೆಯಲ್ಲಿ ಆಯಿ ಸತ್ತವರ ಲೆಕ್ಕದಲ್ಲಿ ಇರಲೇ ಇಲ್ಲ. ಹೊರಗೆ ಬಂದು ಆಟೋದಲ್ಲಿ ಕೂತ ಮೇಲೆ, ಆಯಿಗೆ ಆಗ ಐವತ್ತೊಂದೇ ವರ್ಷ ಎಂಬುದು ಹೊಳೆಯಿತು. ಮರಳಿ ಹೋಗಿ ಹೇಳಬಹುದಿತ್ತು. ಹೋಗಲಿಲ್ಲ. ಹೇಳಿದರೆ ಆಯಿಯನ್ನೂ ಆ ಫೈಲಿನಲ್ಲಿ ರೋಗಿ ಎಂದು ಬರೆಯುತ್ತಾರೆ. ಅವ್ವನಿಗೆ ಗೊತ್ತಾದರೆ?

ಆಪರೇಷನ್ನಿಗೆ ಇನ್ನೂ ಮೂರು ವಾರವಿತ್ತು. ಹಲ್ಲಿನ ಡಾಕ್ಟರ ಬಳಿ ಕಳಿಸಿದರು. ಹುಳುಕು ಹಲ್ಲಿನ ಸೋಂಕು ರಕ್ತಕ್ಕಿಳಿದರೆ ವಾಲ್ವಿಗೆ ಅಪಾಯವಂತೆ. ಒಂದು ಹಲ್ಲು ಹೋಯಿತು. ಬಡಿತ ಹತೋಟಿಗೆ ಒಂದು ಮಾತ್ರೆ, ಕಾಲಿನ ಬಾವು ಇಳಿಯಲು ಒಂದು. ಶಾಲೆಗೆ ಹೋಗುವಂತಿಲ್ಲ, ಭಾರ ಎತ್ತುವಂತಿಲ್ಲ, ಉಪ್ಪಿಲ್ಲ. ಕುರ್ಚಿಯಲ್ಲಿ ಕೂತು ಬಲಗೈ ಬೆರಳನ್ನು ಎಡಗೈ ನಾಡಿಯ ಮೇಲಿಟ್ಟು ಎಣಿಸುತ್ತಿದ್ದೆ. ಎಣಿಸಿದಷ್ಟೂ ಹೆದರಿಕೆ, ಹೆದರಿದಷ್ಟೂ ಬಡಿತ ಜೋರು. ನನ್ನ ಎದೆಯೊಳಗೆ ನಾನೇ ಸಿಕ್ಕಿಬಿದ್ದಿದ್ದೆ. ಅಲ್ಲಿಂದ ಎಲ್ಲಿಗೆ ಓಡುವುದು?

ಆಪರೇಷನ್ ದಿನ ಬೆಳಗ್ಗೆ ಲಿಂಗವನ್ನು ನಮ್ಮವರ ಕೈಗೆ ಕೊಟ್ಟೆ. ಮದುವೆಯಾದ ಮೇಲೆ ನನ್ನ ಮೈಯಿಂದ ಅದು ಮೊದಲ ಸಲ ದೂರವಾದದ್ದು. ಅವರು ತಮ್ಮ ಲಿಂಗದ ಜೊತೆ ನನ್ನದನ್ನೂ ಕೊರಳಿಗೆ ಹಾಕಿಕೊಂಡರು. "ಎರಡೂ ಕೂಡೇ ಇರ್ತಾವ. ನೀ ಬೇಫಿಕರಾಗಿ ಹೋಗು" ಎಂದರು.

ಎಚ್ಚರವಾದಾಗ ಬಾಯಲ್ಲಿ ಕೊಳವೆ ಇತ್ತು. ಮಾತಾಡಲು ಆಗಲಿಲ್ಲ. ಕೈ ಎತ್ತಲು ನೋಡಿದೆ. ಎರಡೂ ಕೈಗಳನ್ನು ಮಂಚಕ್ಕೆ ಕಟ್ಟಿದ್ದರು. ಅರೆಪ್ರಜ್ಞೆಯಲ್ಲಿ ಕೊಳವೆ ಕಿತ್ತುಕೊಳ್ಳಬಾರದೆಂದು. ಉಸಿರು ನನ್ನದಲ್ಲ, ಮಷೀನು ಒಳಗೆ ತಳ್ಳುತ್ತಿತ್ತು. ನಾನು ಬೇಡವೆಂದರೂ ತಳ್ಳುತ್ತಿತ್ತು. ಕಟ್ಟಿದ ಕೈಯ ಬೆರಳುಗಳು ಹಾಸಿಗೆಯ ಮೇಲೆ ಲಿಂಗ ಕಟ್ಟಿದ ಶಿವದಾರವನ್ನು ಹುಡುಕಿದವು. ಸಿಗಲಿಲ್ಲ. ನನ್ನನ್ನು ಹೂತುಬಿಟ್ಟಿದ್ದಾರೆ ಅನ್ನಿಸಿತು. ನಮ್ಮಲ್ಲಿ ಹೂಳುವಾಗ ಕೂರಿಸುತ್ತಾರೆ, ಅಂಗೈಯಲ್ಲಿ ಲಿಂಗ ಇಡುತ್ತಾರೆ. ನಾನು ಮಲಗಿದ್ದೇನೆ, ಅಂಗೈ ಬರಿದಾಗಿದೆ. ಹಾಗಾದರೆ ಇನ್ನೂ ಬದುಕಿದ್ದೇನೆ. ಆ ಮಂಪರಿನಲ್ಲೂ ಇಷ್ಟು ತರ್ಕ ಮಾಡಿದ್ದೇನೆಂದು ನನಗೆ ಹೆಮ್ಮೆ.

ವಾಲ್ವನ್ನು ಬದಲಿಸದೆ ರಿಪೇರಿಯನ್ನೇ ಮಾಡಿದ್ದರು. ಹೊಸ ದಾರ ಹಾಕಿ, ಸುತ್ತ ಒಂದು ಉಂಗುರ ಹೊಲಿದಿದ್ದರು. ಸೋರಿಕೆ ನಿಂತಿತ್ತು. ಕೆಮ್ಮು ಬಂದರೆ ದಿಂಬು ಅಪ್ಪಿಕೊಂಡು ಕೆಮ್ಮಬೇಕು, ಇಲ್ಲದಿದ್ದರೆ ಸೀಳಿ ಕೂಡಿಸಿದ ಎದೆಯೆಲುಬು ಬಾಯಿ ತೆರೆದಂತಾಗುತ್ತದೆ. ಏಳೆಂಟು ವಾರ ಕೈ ಮೇಲೆತ್ತುವಂತಿಲ್ಲ, ಮಗ್ಗುಲಾಗುವಂತಿಲ್ಲ. ಬೆನ್ನ ಮೇಲೆಯೇ ಮಲಗಬೇಕು. ಈಗ ಎಡಮಗ್ಗುಲೂ ಇಲ್ಲ, ಬಲಮಗ್ಗುಲೂ ಇಲ್ಲ.

ಬಾಣಂತನಕ್ಕೆ ಕರೆದೊಯ್ದಂತೆ ಅವ್ವ ನನ್ನನ್ನು ಹುಬ್ಬಳ್ಳಿಗೆ, ತವರಿಗೆ ಕರೆದೊಯ್ದಳು. ದುರ್ಗದಬೈಲಿನಲ್ಲಿ ಕೆಳಗೆ ತಮ್ಮನ ಪಾತ್ರೆ ಅಂಗಡಿ, ಮೇಲೆ ಮನೆ. ನಡುವೆ ಏಣಿಯಂತೆ ಕಡಿದಾದ ಪಾವಟಿಗೆ. ನಾಲ್ಕು ಜನ ಕುರ್ಚಿಯಲ್ಲಿ ಕೂರಿಸಿ ಮೇಲೆ ಒಯ್ದರು. ಮೆಲ್ಲಗೆ ಹತ್ತಿ ಇಳಿಯಬಹುದು ಎಂದು ಡಾಕ್ಟರು ಹೇಳಿದ್ದರು. ಬೇಡ ಎಂದು ಅವ್ವ ಹೇಳಿದಳು. ಅವ್ವನ ಮಾತೇ ನಡೆಯಿತು. ಕೆಳಗೆ ಇಡೀ ಪೇಟೆ ಕೂಗುತ್ತಿತ್ತು, ಸ್ಟೀಲಿನ ತಟ್ಟೆಗಳು ಒಂದರ ಮೇಲೊಂದು ಬೀಳುತ್ತಿದ್ದವು. ಮೇಲೆ ನಾನು ಒಂದು ಕಿಟಕಿ, ಒಂದು ಫ್ಯಾನು ನೋಡುತ್ತ ಬಿದ್ದುಕೊಂಡಿದ್ದೆ. ಬಂದವರು, "ಜೀವ ಉಳೀತಲ್ಲ, ಅದ ದೊಡ್ಡದು" ಅನ್ನುತ್ತಿದ್ದರು. ಹೌದು ಅನ್ನುತ್ತಿದ್ದೆ. ಬೆಳಗ್ಗೆ ಲಿಂಗ ಹಿಡಿದು ಕೂತರೆ ಎದೆ ಒಂದೇ ಸಮ ಬಡಿಯುತ್ತಿತ್ತು. ಏನೂ ಬರುತ್ತಿರಲಿಲ್ಲ. ಇದಕ್ಕೇ ಅಲ್ಲವೆ ಎದೆ ಸೀಳಿಸಿಕೊಂಡದ್ದು ಎಂದು ನನಗೆ ನಾನೇ ಬೈದುಕೊಂಡರೂ ಮರುದಿನ ಮತ್ತೆ ಅದನ್ನೇ ಕಾಯುತ್ತ ಕೂರುತ್ತಿದ್ದೆ.

ನಾನು ಅಲ್ಲಿದ್ದಾಗಲೇ ಆಯಿಯ ದಿನ ಬಂತು. ಮಧ್ಯಾಹ್ನ ಮಂದಿ ಸೇರಿದರು, ಹೋಳಿಗೆ ಊಟವಾಯಿತು. ನನ್ನ ಮಗಳು ಸಹನಾ ಧಾರವಾಡದಿಂದ ಬಂದಿದ್ದಳು. ಹದಿನೇಳು ವರ್ಷ, ಪಿಯುಸಿ. ನಾನು ಆಸ್ಪತ್ರೆ ಸೇರಿದಾಗ ನನಗೆ ಗುಣವಾಗಲೆಂದು ಬೇಡಿಕೊಂಡು ಅವಳೂ ದಿನಾ ಪೂಜೆ ಶುರುಮಾಡಿದ್ದಳು. ಒಳಗಿನ ಕೋಣೆಯಲ್ಲಿ ಮಲಗಿದ್ದ ನನಗೆ ಎಲ್ಲ ಕೇಳುತ್ತಿತ್ತು. ಅವ್ವ ಕಥೆ ಹೇಳಿದಳು. ಎದೆ ನಡುಗಿದ್ದು, ಕಣ್ಣು ತುಂಬಿದ್ದು, ಅಂಗೈಯಲ್ಲಿ ಲಿಂಗ ಹಿಡಿದೇ ಹೋದದ್ದು.

"ಅಜ್ಜಿ, ಪೂಜಿ ಮಾಡೂಮುಂದ ನನಗೂ ಎದಿ ಹಂಗ ನಡಗತೈತಿ" ಎಂದಳು ಸಹನಾ.

"ನಮ್ಮವ್ವನ ಪುಣ್ಯಾ ಅದು, ನನ್ನ ಬಂಗಾರ" ಎಂದಳು ಅವ್ವ. ಕೂತವರೆಲ್ಲ ಕೈ ಮುಗಿದರು.

ಏಳಲು ಹೋದೆ. ಎದೆಯೆಲುಬು ಕಚ್ಚಿ ಹಿಡಿಯಿತು. ಕೂಗಲು ಹೋದೆ, ದನಿ ಬರಲಿಲ್ಲ. ಆಸ್ಪತ್ರೆಯಿಂದ ಬರುವಾಗ ಡಾಕ್ಟರು, ತಾಯಿಗೂ ಮಗಳಿಗೂ ಒಮ್ಮೆ ಎಕೋ ಮಾಡಿಸಿ ಎಂದು ಚೀಟಿಯಲ್ಲೇ ಬರೆದಿದ್ದರು. ಮಾಡಿಸೋಣ ಎಂದು ಅದನ್ನು ಮಡಚಿ ಇಟ್ಟಿದ್ದೆ. ನಾನು ಬಾಯಿ ಬಿಡದಿದ್ದರೆ ಈ ಹುಡುಗಿಯೂ ಎರಡು ವರ್ಷ ಬೀಗುತ್ತ ಕೂರುತ್ತಾಳೆ. ಅಥವಾ ಆಯಿಯಂತೆ ಹೋಗುತ್ತಾಳೆ.

ಮಂದಿ ಹೋದ ಮೇಲೆ ಅವ್ವನನ್ನು ಕರೆದು ಎಲ್ಲ ಹೇಳಿದೆ. ನನಗೆ ಬರುತ್ತಿದ್ದದ್ದು ಏನೆಂದು. ಆಯಿಗೂ ಇದೇ ಇದ್ದಿರಬೇಕೆಂದು. ಈ ರೋಗ ಮನೆತನದಲ್ಲಿ ಇಳಿದುಬರಬಹುದೆಂದು.

"ನಮ್ಮವ್ವಗ ರೋಗಾ ಹಚ್ಚಬ್ಯಾಡ" ಎಂದಳು ಅವ್ವ. "ನಿನಗ ಬಂತು, ಔಷಧಾ ಮಾಡಿಸಿದ್ವಿ. ಆಕಿನ್ನ ಯಾಕ ನಡುವ ತರ್ತಿ? ನಾಲ್ಕ ಅಕ್ಷರಾ ಕಲತೀದಿ ಅಂತ ಪುಣ್ಯವಂತಿಗೆ ಹಿಂಗ ಅಂತಾರೇನ?"

ಎರಡು ದಿನ ಮಾತು ಬಿಟ್ಟಳು. ಒಂದೇ ಕೋಣೆ, ಇಬ್ಬರೇ. ಗಂಜಿ ತಂದಿಡುತ್ತಿದ್ದಳು, ಬಟ್ಟಲು ಒಯ್ಯುತ್ತಿದ್ದಳು. ಬೇರೆ ಹೊತ್ತಿನಲ್ಲಾಗಿದ್ದರೆ ಬಾಗಿಲು ಬಡಿದು ಹೊರಗೆ ಹೋಗುತ್ತಿದ್ದೆ. ಈಗ ತಲೆ ಬಾಚಲೂ ಅವಳೇ ಬೇಕು.

ಮೂರನೇ ದಿನ ಬೆನ್ನ ಹಿಂದೆ ಕೂತು ನನ್ನ ಕೂದಲು ಬಾಚುತ್ತಿದ್ದಳು. ನಡುವೆ ಬಾಚಣಿಗೆ ನಿಂತಿತು.

"ಹದಿನೈದ ದಿನದಿಂದ ದಮ್ಮ ಅನ್ನಾಕತ್ತಿದ್ಲು" ಎಂದಳು ಅವ್ವ. "ನೀರಿನ ಕೊಡಾ ತರೂಮುಂದ ಎರಡ ಕಡೆ ಕುಂದರತಿದ್ಲು. ಆವತ್ತ ಪೂಜಿಗೆ ಕುಂತಾಕಿ ಬಲಗೈಲೆ ಎದಿ ಹಿಡಕೊಂಡ್ಲು. ಗ್ವಾಡಿಗೆ ಆತ್ಕೊಂಡ್ಲು. ನಾ ಬಾಗಲದಾಗ ನಿಂತು ನೋಡಿದೆ."

ನಾನು ತಿರುಗಲಿಲ್ಲ. ತಿರುಗಲು ಬರುತ್ತಲೂ ಇರಲಿಲ್ಲ.

"ಪೂಜಿಗೆ ಕುಂತಾರನ್ನ ಮಾತಾಡಿಸಬಾರ್ದು ಅಂತ ಆಕೀನ ನಮಗ ಕಲಿಸಿದ್ಲು. ಹತ್ತೊಂಬತ್ತ ವರ್ಷದಾಕಿ ನಾ. ರೊಟ್ಟಿ ಆರಾಕತ್ತಾವು, ಈಗ ಏಳತಾಳ, ಈಗ ಏಳತಾಳ ಅಂತ ನಿಂತೆ. ಎಷ್ಟ ಹೊತ್ತು ನಿಂತೆನೋ ನನಗ ಗೊತ್ತಿಲ್ಲ. ಆಮ್ಯಾಲೆ ಮಂದಿ ಬಂದು ಪುಣ್ಯವಂತಿ, ಲಿಂಗದಾಗ ಐಕ್ಯ ಆದ್ಲು ಅಂದ್ರು. ನಾನೂ ಹೌದಂದೆ."

ಬಾಚಣಿಗೆ ಮತ್ತೆ ಎರಡು ಸಲ ಆಡಿತು.

"ನಾ ಕೂಗಲಿಲ್ಲ, ಗಿರಿಜಾ."

ಐವತ್ತಕ್ಕೂ ಹೆಚ್ಚು ವರ್ಷ ಈ ಹೆಂಗಸು ಮಂದಿಗೆ ಊಟ ಹಾಕಿ ಆ ಕಥೆ ಹೇಳುತ್ತ ಬಂದದ್ದು ಯಾಕೆಂದು ನನಗೆ ಆಗ ತಿಳಿಯಿತು. ಆ ಕಥೆ ಇಲ್ಲದಿದ್ದರೆ ಅವಳು ಆ ಬಾಗಿಲಲ್ಲೇ ನಿಂತಿರಬೇಕಾಗುತ್ತಿತ್ತು. ತಬ್ಬಿಕೊಳ್ಳಬೇಕೆನ್ನಿಸಿತು. ಕೈ ಹಿಂದಕ್ಕೆ ಹೋಗಲಿಲ್ಲ. ಅವಳ ಮೊಣಕಾಲು ನನ್ನ ಸೊಂಟಕ್ಕೆ ತಾಗಿಕೊಂಡಿತ್ತು, ಅದಕ್ಕೇ ಒರಗಿ ಕೂತೆ. ಇಬ್ಬರೂ ಅತ್ತೆವು. ಅಳುವಾಗ ಎದೆ ಬಹಳ ನೋಯುತ್ತಿತ್ತು, ದಿಂಬು ಅಪ್ಪಿಕೊಂಡು ಅತ್ತೆ.

ಮರುವಾರ ನನ್ನ ಚೆಕಪ್ಪಿಗೆ ಹೋಗುವಾಗ ಸಹನಾಳನ್ನೂ ಕರೆದುಕೊಂಡೆವು. ಪಾವಟಿಗೆಯನ್ನು ನಾನೇ ಇಳಿದೆ. ಅವ್ವ ಮುಂದೆ ಒಂದೊಂದೇ ಮೆಟ್ಟಿಲು ಹಿಮ್ಮುಖವಾಗಿ ಇಳಿಯುತ್ತ, ಬಿದ್ದರೆ ಹಿಡಿಯುವವಳಂತೆ ಕೈ ಚಾಚಿಕೊಂಡಿದ್ದಳು. ಎಪ್ಪತ್ತೆರಡು ವರ್ಷದ ಅವಳು ಬೀಳದಂತೆ ನಾನು ಸೆರಗು ಹಿಡಿದುಕೊಂಡಿದ್ದೆ.

ಸಹನಾಳ ಎಕೋ ಮಾಡುವ ಮೊದಲು ಡಾಕ್ಟರು ಹೊಸ ಫೈಲು ತೆರೆದು ಅದೇ ಪ್ರಶ್ನೆ ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಅವ್ವ ಕುರ್ಚಿಯಿಂದ ಎದ್ದು ನಿಂತಳು.

"ನಮ್ಮವ್ವ ಹೋಗ್ಯಾಳ್ರಿ. ಐವತ್ತೊಂದಕ್ಕ. ಎದಿ ಹಿಡಕೊಂಡಿದ್ಲು. ನಾ ನೋಡೇನ್ರಿ. ಬರಕೋರಿ."

ಡಾಕ್ಟರು ಬರೆದುಕೊಂಡರು. ಅವ್ವ ಕೂರಲಿಲ್ಲ.

"ನಾ ಕೂಗಿದ್ರ ಉಳೀತಿದ್ಲೇನ್ರಿ?"

ಡಾಕ್ಟರು ಪೆನ್ನು ಕೆಳಗಿಟ್ಟರು. "ಆ ಕಾಲದಾಗ ಶಿರಗುಪ್ಪ್ಯಾಗ ಯಾರಿಗೂ ಏನೂ ಮಾಡಲಿಕ್ಕೆ ಆಗ್ತಿರಲಿಲ್ಲ ಅವ್ವಾರ" ಎಂದರು. ಅದು ನಿಜವೋ, ಕರುಣೆಯೋ ನನಗೆ ಗೊತ್ತಿಲ್ಲ. ಯಾವ ಉತ್ತರಕ್ಕೂ ಹೇಗೆ ಬಂತು ತೋರಿಸು ಅನ್ನುವ ನಾನು ಆ ಉತ್ತರವನ್ನು ಹಾಗೆಯೇ ಬಿಟ್ಟೆ.

ಸಹನಾಳಿಗೆ ಪ್ರೊಲ್ಯಾಪ್ಸ್ ಇದೆ, ಅಲ್ಪ. ಸೋರಿಕೆ ಇಲ್ಲ. ಓಡಬಹುದು, ಆಡಬಹುದು, ವರ್ಷಕ್ಕೊಮ್ಮೆ ಎಕೋ ಮಾಡಿಸಬೇಕು. ಎದೆ ಹೊಡೆದುಕೊಂಡರೆ, ತಲೆ ತಿರುಗಿದರೆ ಅವತ್ತೇ ಹೇಳಬೇಕು. ಅವ್ವನಿಗೂ ಮಾಡಿದರು. ಅವಳಿಗೂ ಇತ್ತು, ಅಲ್ಪ. ಎಪ್ಪತ್ತೆರಡು ವರ್ಷ ಅವಳ ಜೊತೆ ಸುಮ್ಮನೆ ಇದ್ದುಬಿಟ್ಟಿದೆ. ನನ್ನ ದಾರ ಹರಿಯಿತು, ಅವಳದು ಹರಿಯಲಿಲ್ಲ. ಯಾಕೆಂದು ಕೇಳಿದರೆ ಡಾಕ್ಟರೂ ಹೇಳಲಾರರು.

ಈಗ ಧಾರವಾಡದಲ್ಲಿ ಇದ್ದೇನೆ. ಶಾಲೆಗೆ ಇನ್ನೂ ಹೋಗುತ್ತಿಲ್ಲ. ಎದೆಯ ನಡುವಿನ ಗೆರೆ ತುರಿಸುತ್ತದೆ, ಭಾರದ ಚೀಲ ಕಂಡರೆ ಹೆದರಿಕೆಯಾಗುತ್ತದೆ, ನಾಡಿಯ ಮೇಲೆ ಬೆರಳು ಇನ್ನೂ ತಾನಾಗಿ ಹೋಗುತ್ತದೆ. ಪೂಜೆಯಲ್ಲಿ ಏನೂ ಬರುವುದಿಲ್ಲ. ಆದರೂ ಕೂರುತ್ತೇನೆ. ಅವ್ವನೂ ನಮ್ಮ ಜೊತೆ ಬಂದಿದ್ದಾಳೆ. ನಾನು ಲಿಂಗ ಹಿಡಿದು ಕೂತ ಎರಡು ನಿಮಿಷಕ್ಕೇ ಬಾಗಿಲಲ್ಲಿ ಬಂದು ನಿಲ್ಲುತ್ತಾಳೆ.

"ಗಿರಿಜಾ, ಆರಾಮ ಅದೀಯೇನ?"

"ಹೂಂ ಅವ್ವಾ."

ಹೋಗುತ್ತಾಳೆ. ಮತ್ತೆ ಎರಡು ನಿಮಿಷಕ್ಕೆ ಬರುತ್ತಾಳೆ. ಆಮೇಲೆ ಸಹನಾ ಕೂತಾಗ ಅವಳ ಬಾಗಿಲಿಗೂ ಹೋಗಿ ಇನ್ನೂ ಜೋರಾಗಿ ಕೂಗುತ್ತಾಳೆ. ನಮ್ಮಿಬ್ಬರ ಪೂಜೆಯೂ ದಿನಾ ಕೆಡುತ್ತದೆ. ಸುಮ್ಮನಿರು ಎಂದು ನಾವು ಒಂದು ದಿನವೂ ಹೇಳಿಲ್ಲ.